ನೆಲಮಂಗಲದಲ್ಲಿ 48 ಎಂದರೆ ಹಾಸನವೋ, ತುಮಕೂರೋ?

ಓದುಗರ ಪ್ರಶ್ನೆ

ನಾವು ಬೆಂಗಳೂರಿನ ರಾಜಾಜಿನಗರದವರು. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಮೊದಲೆಲ್ಲ ಅಪ್ಪನೇ ಗಾಡಿ ಓಡಿಸುತ್ತಿದ್ದರು. ಈಗ ಅವರಿಗೆ ರಾತ್ರಿ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ನಾನೇ ಓಡಿಸುತ್ತೇನೆ. ಕಳೆದ ತಿಂಗಳು ಊರಿಗೆ ಹೊರಟಾಗ ಅಪ್ಪ, "ನೆಲಮಂಗಲದಲ್ಲಿ 48 ಹಿಡಿ, ಸೀದಾ ಊರಿಗೆ ಹೋಗುತ್ತೆ" ಎಂದರು. ನಾನು ಬೋರ್ಡಿನಲ್ಲಿ 48 ನೋಡಿಕೊಂಡೇ ಹೋದೆ. ಹಾಸನದ ದಾರಿ ಎಡಕ್ಕೆ ಹೋಗಿದ್ದು ಕಾಣುವಷ್ಟರಲ್ಲಿ ಅದನ್ನು ದಾಟಿಯಾಗಿತ್ತು. ಅಪ್ಪ ರಿವರ್ಸ್ ತಗೋ ಎಂದರು. ಹಿಂದೆ ಲಾರಿಗಳು ಬರುತ್ತಿದ್ದವು, ಹೆದರಿ ಮುಂದೆ ಹೋಗಿ ದಾಬಸ್‌ಪೇಟೆಯಲ್ಲಿ ತಿರುಗಿಸಿಕೊಂಡು ಬಂದೆ. ಬೋರ್ಡೇ ತಪ್ಪು ಹಾಕಿದ್ದಾರೆ ಅಂತ ಅಪ್ಪನ ವಾದ. ಮ್ಯಾಪ್ ಹಾಕಿಕೊಂಡರೆ ಬೋರ್ಡ್ ನೋಡುವ ಅಗತ್ಯವೇ ಇಲ್ಲ ಅಂತ ಮಗನ ವಾದ. ಯಾರು ಸರಿ? ಹೆಬ್ಬಾಳ, ಸಿಲ್ಕ್ ಬೋರ್ಡ್, ಮೈಸೂರು ರಸ್ತೆ, ಎಲ್ಲಿ ಹೋದರೂ ದಾರಿ ಬದಲಾಗಿರುತ್ತದೆ. ಇದನ್ನೆಲ್ಲ ಒಂದೇ ಸಲ ಸರಿಯಾಗಿ ಮಾಡಲು ಆಗುವುದಿಲ್ಲವೇ?

ಉತ್ತರ

ಮೊದಲು ಒಂದು ಮಾತು. ರಿವರ್ಸ್ ತಗೊಳ್ಳದೆ ಮುಂದೆ ಹೋದಿರಲ್ಲ, ಅದೇ ಸರಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ನಿಮ್ಮ ತಂದೆಯವರು ಹೇಳಿದ್ದು ಸುಳ್ಳಲ್ಲ, ಬೋರ್ಡೂ ಸುಳ್ಳಲ್ಲ. ಅವರು ಓಡಾಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಿಂದ ಹಾಸನ, ಮಂಗಳೂರಿಗೆ ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು. ತುಮಕೂರು, ಹುಬ್ಬಳ್ಳಿ, ಪುಣೆ ಕಡೆಯದು 4. ಎರಡೂ ಕವಲೊಡೆಯುತ್ತಿದ್ದದ್ದು ನೆಲಮಂಗಲದಲ್ಲೇ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸದಾಗಿ ನಂಬರ್ ಕೊಟ್ಟಿತು. ಆಗ ತುಮಕೂರಿನ 4 ಹೋಗಿ 48 ಆಯಿತು. ಹಾಸನದ 48 ಹೋಗಿ 75 ಆಯಿತು.

ನೆಲಮಂಗಲ ಬೇರೆ ಜಂಕ್ಷನ್‌ಗಳಿಗಿಂತ ಹೆಚ್ಚು ಅಪಾಯ ಎನ್ನಲು ಕಾರಣ ಇದೇ. ಬೆಂಗಳೂರಿನಿಂದ ಹೆಬ್ಬಾಳ, ವಿಮಾನ ನಿಲ್ದಾಣದ ಕಡೆ ಹೋಗುವ ಬಳ್ಳಾರಿ ರಸ್ತೆ ನೋಡಿ. ಅದು ಮೊದಲು 7, ಈಗ 44. ಹಳಬರು ಅಲ್ಲಿ 7 ಹುಡುಕಿದರೆ ಸಿಗುವುದಿಲ್ಲ. ಸಿಗದಿದ್ದಾಗ ಏನೋ ಬದಲಾಗಿದೆ ಅಂತ ಅನುಮಾನ ಬರುತ್ತದೆ, ನಿಧಾನ ಮಾಡುತ್ತಾರೆ, ಊರಿನ ಹೆಸರು ಓದುತ್ತಾರೆ. ನೆಲಮಂಗಲದಲ್ಲಿ ಹಾಗಲ್ಲ. ಹುಡುಕಿದ ನಂಬರ್ ಸಿಕ್ಕೇ ಸಿಗುತ್ತದೆ, ಆದರೆ ಪಕ್ಕದ ರಸ್ತೆಯ ಮೇಲೆ. ಅನುಮಾನ ಬರಲು ಕಾರಣವೇ ಇಲ್ಲ. ರಸ್ತೆ ಸುರಕ್ಷತೆಯ ತಪಾಸಣೆ ನನ್ನ ಕೆಲಸ. ಬೋರ್ಡ್ ಇಲ್ಲದ ಜಾಗಕ್ಕಿಂತ, ಚಾಲಕ ಧೈರ್ಯವಾಗಿ ತಪ್ಪು ದಾರಿ ಹಿಡಿಯುವ ಇಂಥ ಜಾಗವೇ ನನಗೆ ಜಾಸ್ತಿ ಚಿಂತೆ.

ಸುಮ್ನೆ ಯಾಕೆ ನಂಬರ್ ಬದಲಾಯಿಸಿದರು ಅಂತ ತುಂಬ ಜನ ಕೇಳುತ್ತಾರೆ. ಹಳೆಯ ನಂಬರ್‌ಗಳಿಂದ ಒಂದು ರಸ್ತೆ ದೇಶದ ಯಾವ ಭಾಗದಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತದೆ ಅಂತ ಹೇಳಲು ಆಗುತ್ತಿರಲಿಲ್ಲ. ರಸ್ತೆಗಳು ಸೇರುತ್ತಾ ಹೋದ ಹಾಗೆ 4ಎ, 4ಬಿ ಅಂತ ಬಾಲವೂ ಬೆಳೆಯಿತು. ಹೊಸ ಕ್ರಮಕ್ಕೆ ಒಂದು ಲೆಕ್ಕವಿದೆ. ಉತ್ತರ ದಕ್ಷಿಣವಾಗಿ ಹೋಗುವ ಮುಖ್ಯ ಹೆದ್ದಾರಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಆ ಸಂಖ್ಯೆ ಏರುತ್ತದೆ. ಪೂರ್ವ ಪಶ್ಚಿಮವಾಗಿ ಹೋಗುವುದಕ್ಕೆ ಬೆಸಸಂಖ್ಯೆ. ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ನಮ್ಮ ರಾಜ್ಯದಲ್ಲೇ ಇದನ್ನು ನೋಡಬಹುದು. ಬಳ್ಳಾರಿ ರಸ್ತೆ 44, ಅದರ ಪಶ್ಚಿಮಕ್ಕೆ ತುಮಕೂರು ರಸ್ತೆ 48, ಇನ್ನೂ ಪಶ್ಚಿಮಕ್ಕೆ ಕಾರವಾರ, ಉಡುಪಿ, ಮಂಗಳೂರಿನ ಕರಾವಳಿ ರಸ್ತೆ 66. ಪೂರ್ವ ಪಶ್ಚಿಮವಾಗಿ ಹೋಗುವ ಕೋಲಾರ, ಬೆಂಗಳೂರು, ಹಾಸನ, ಬಂಟ್ವಾಳ ದಾರಿ 75.

ಮೂರಂಕಿಯದು ಕವಲು ರಸ್ತೆ. ಕೊನೆಯ ಎರಡು ಅಂಕಿ ನೋಡಿದರೆ ತಾಯಿ ರಸ್ತೆ ಯಾವುದು ಅಂತ ಗೊತ್ತಾಗುತ್ತದೆ. ಮೈಸೂರು ರಸ್ತೆ 275, ಅಂದರೆ 75ರ ಕವಲು. ಅದು ಮೈಸೂರು, ಮಡಿಕೇರಿ ದಾಟಿ ಬಂಟ್ವಾಳದಲ್ಲಿ ಮತ್ತೆ 75ನ್ನು ಸೇರುತ್ತದೆ. ಕನಕಪುರ ರಸ್ತೆ ಮೊದಲು 209, ಈಗ 948, ಅಂದರೆ 48ರ ಕವಲು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ 207 ಈಗ 648. ಬೆಂಗಳೂರಿನ ಸುತ್ತ ಹೊಸದಾಗಿ ಬರುತ್ತಿರುವ ಸ್ಯಾಟಲೈಟ್ ಟೌನ್ ರಿಂಗ್ ರೋಡಿಗೆ 948ಎ. ಬಾಲ ಹಚ್ಚುವುದು ಪೂರ್ತಿ ನಿಂತಿಲ್ಲ ನೋಡಿ. ಆದರೂ ಈ ಕ್ರಮ ಹಳೆಯದಕ್ಕಿಂತ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಬದಲಾಯಿಸಿದ್ದು ತಪ್ಪಲ್ಲ. ಬದಲಾಯಿಸಿದ ಮೇಲೆ ಎಷ್ಟೋ ವರ್ಷ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಬಿಟ್ಟದ್ದು ತಪ್ಪು.

ಸರ್ಕಾರಿ ಆದೇಶ ಒಂದೇ ದಿನದಲ್ಲಿ ಹೊರಡುತ್ತದೆ. ದಾರಿಯ ಮೇಲೆ ಅದು ಇಳಿಯುವುದು ಬೋರ್ಡ್ ಬೋರ್ಡಿಗೆ, ಕೈಕೆಲಸದಲ್ಲಿ. ತಲೆಯ ಮೇಲೆ ಅಡ್ಡ ನಿಂತಿರುವ ದೊಡ್ಡ ಗ್ಯಾಂಟ್ರಿ ಬೋರ್ಡ್ ಇಳಿಸಬೇಕಾದರೆ ಕ್ರೇನ್ ಬೇಕು, ಲೇನ್ ಮುಚ್ಚಬೇಕು, ರಾತ್ರಿ ಕೆಲಸ ಮಾಡಬೇಕು. ಅದಕ್ಕಿಂತ ಅಗ್ಗದ ದಾರಿ ಸ್ಟಿಕ್ಕರ್. ಇದ್ದ 4ರ ಪಕ್ಕ ಒಂದು 8 ಅಂಟಿಸಿದರೆ 48 ಆಯಿತು! ಹತ್ತಿರ ಹೋಗಿ ನೋಡಿದರೆ ಇದರ ಕಷ್ಟ ತಿಳಿಯುತ್ತದೆ. ಹೆದ್ದಾರಿ ಬೋರ್ಡಿನ ಹಸಿರು ಹಾಳೆ ಸಾದಾ ಬಣ್ಣವಲ್ಲ. ಗಾಡಿಯ ಹೆಡ್‌ಲೈಟ್ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುವ ಹಾಳೆ. ಅದರಲ್ಲಿ ಹಲವು ದರ್ಜೆಗಳಿವೆ. ಒಳ್ಳೆಯ ದರ್ಜೆಯದು ಏಳರಿಂದ ಹತ್ತು ವರ್ಷ ಬಾಳುತ್ತದೆ. ಬಿಸಿಲಿಗೆ ಬಡಕಲಾದ ಹಳೆಯ ಹಾಳೆಯ ಮೇಲೆ ಹೊಸ ತುಂಡು ಅಂಟಿಸಿದರೆ ಹಗಲು ಎರಡೂ ಒಂದೇ ಥರ ಕಾಣುತ್ತವೆ. ರಾತ್ರಿ ಆ ತುಂಡು ಮಾತ್ರ ಝಗ್ ಎಂದು ಹೊಳೆಯುತ್ತದೆ, ಪಕ್ಕದ ಊರಿನ ಹೆಸರು ಮಂಕಾಗಿ ಹಿಂದೆ ಸರಿಯುತ್ತದೆ. ಅಗ್ಗದ ಸಾದಾ ಸ್ಟಿಕ್ಕರ್ ಅಂಟಿಸಿದ್ದರೆ ಉಲ್ಟಾ. ಆ ಜಾಗ ರಾತ್ರಿ ಕಪ್ಪು ಚೌಕ. ಒಂದೆರಡು ಮಳೆಗಾಲ ಕಳೆದ ಮೇಲೆ ಅಂಚು ಎದ್ದು, ಕೆಳಗಿನ ಹಳೆಯ ಅಂಕಿ ಇಣುಕುವುದೂ ಉಂಟು. ನೀವು ಹೋಗಿದ್ದು ರಾತ್ರಿ ಅಲ್ವಾ? ಹಗಲು ಅದೇ ದಾರಿಯಲ್ಲಿ ಹೋಗಿದ್ದರೆ ಹಾಸನ ಎಂಬ ಹೆಸರು 48ಕ್ಕಿಂತ ಮೊದಲು ಕಣ್ಣಿಗೆ ಬಿದ್ದಿರುವ ಸಾಧ್ಯತೆ ಜಾಸ್ತಿ.

ಓದುವುದಕ್ಕೆ ಸಿಗುವ ಸಮಯವನ್ನೂ ಲೆಕ್ಕ ಹಾಕಿ. ಒಂದು ಇಂಚು ಎತ್ತರದ ಇಂಗ್ಲಿಷ್ ಅಕ್ಷರವನ್ನು ಸುಮಾರು 40 ಅಡಿ ದೂರದಿಂದ ಓದಬಹುದು ಅನ್ನುವುದು ನಮ್ಮ ಕೆಲಸದಲ್ಲಿ ಹಳೆಯ ಅಂದಾಜು. ಒಂದು ಅಡಿ ಎತ್ತರದ ಅಕ್ಷರವಾದರೆ 480 ಅಡಿ, ಹತ್ತಿರ ಹತ್ತಿರ 145 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಆರೂವರೆ ಸೆಕೆಂಡ್. 100ರ ವೇಗದಲ್ಲಿ ಐದೇ ಸೆಕೆಂಡ್. ಅಷ್ಟರಲ್ಲಿ ಎರಡು ಭಾಷೆಯಲ್ಲಿರುವ ಎರಡು ಮೂರು ಊರಿನ ಹೆಸರು ಓದಬೇಕು, ತೀರ್ಮಾನ ಮಾಡಬೇಕು, ಕನ್ನಡಿ ನೋಡಬೇಕು, ಲೇನ್ ಬದಲಿಸಬೇಕು.

ಕನ್ನಡ ಅಕ್ಷರಕ್ಕೆ ಇದಕ್ಕಿಂತ ಕಷ್ಟವಿದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ಚನ್ನರಾಯಪಟ್ಟಣ ಎಂದು ಬರೆದು ನೋಡಿ. ಅದರಲ್ಲಿ ಎರಡು ಒತ್ತಕ್ಷರ. ಒತ್ತು ಕೆಳಗೆ ಇಳಿಯುತ್ತದೆ. ಬೋರ್ಡ್ ವಿನ್ಯಾಸ ಮಾಡುವವರು ಇಂಗ್ಲಿಷ್ ಸಾಲಿನ ಎತ್ತರಕ್ಕೆ ಜಾಗ ಬಿಟ್ಟು, ಅಷ್ಟರಲ್ಲೇ ಕನ್ನಡವನ್ನೂ ತುರುಕಿದರೆ ಏನಾಗುತ್ತದೆ? ಒತ್ತಿಗೆ ಜಾಗ ಮಾಡಲು ಇಡೀ ಹೆಸರೇ ಸಣ್ಣದಾಗುತ್ತದೆ. ಹುಬ್ಬಳ್ಳಿ, ಚಿಕ್ಕಮಗಳೂರು, ಎಲ್ಲಕ್ಕೂ ಇದೇ ಗತಿ. ಕನ್ನಡದಲ್ಲಿ ಓದುವವರಿಗೆ ಸಿಗುವ ಸೆಕೆಂಡ್‌ಗಳೇ ಕಡಿಮೆ. ಕನ್ನಡದ ಸಾಲಿಗೆ ಹೆಚ್ಚು ಎತ್ತರ ಕೊಡಿ ಅಂತ ನಾನು ಪ್ರತಿ ವರದಿಯಲ್ಲೂ ಬರೆಯುತ್ತೇನೆ. ನನ್ನ ಮಟ್ಟಿಗೆ ಇದು ಮೊದಲು ಸುರಕ್ಷತೆಯ ವಿಷಯ.

2014ರ ನವೆಂಬರ್ 1ರಂದು ಊರುಗಳ ಹೆಸರಿನ ಕಾಗುಣಿತವೂ ಬದಲಾಯಿತು. ಇಂಗ್ಲಿಷಿನಲ್ಲಿ ಬ್ಯಾಂಗಲೋರ್ ಇದ್ದದ್ದು ಬೆಂಗಳೂರು, ಟುಮ್ಕೂರ್ ಇದ್ದದ್ದು ತುಮಕೂರು, ಹೀಗೆ ಒಟ್ಟು 12 ಊರು. ಕನ್ನಡ ಓದುವವರಿಗೆ ಇದರಿಂದ ತೊಂದರೆ ಆಗಲಿಲ್ಲ. ಹೊರರಾಜ್ಯದ ಲಾರಿ ಚಾಲಕರಿಗೆ ಕೆಲವು ವರ್ಷ ಗೊಂದಲ ಇತ್ತು, ಈಗ ಬಹುಪಾಲು ಹೋಗಿದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ: ಹೆದ್ದಾರಿಗಳು ಕೂಡುವ, ಕವಲೊಡೆಯುವ ಮೇಲ್ಸೇತುವೆ ಜಾಗಗಳನ್ನು, ಅಂದರೆ ಇಂಟರ್‌ಚೇಂಜ್‌ಗಳನ್ನು ಒಂದೇ ಸಲ ಸರಿಯಾಗಿ ಕಟ್ಟಲು ಆಗುವುದಿಲ್ಲವೇ?

ಪೂರ್ತಿಯಾಗಿ ಆಗುವುದಿಲ್ಲ. ಆದರೆ ಈಗ ಆಗುತ್ತಿರುವುದಕ್ಕಿಂತ ಚೆನ್ನಾಗಿ ಆಗಬಹುದು. ಹೆಬ್ಬಾಳ ಫ್ಲೈಓವರ್ ಬಂದದ್ದು 2003ರಲ್ಲಿ. ಆಗ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಇರಲಿಲ್ಲ. ಅದು ಶುರುವಾದದ್ದು 2008ರ ಮೇ ತಿಂಗಳಲ್ಲಿ. 2014ರಲ್ಲಿ ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ಎತ್ತರದ ರಸ್ತೆಯೂ ಬಂತು. ಆ ರಸ್ತೆಯಿಂದ ಸರಾಗವಾಗಿ ಬಂದ ಗಾಡಿಗಳೆಲ್ಲ ನಗರದೊಳಗಿನ ಮೇಖ್ರಿ ಸರ್ಕಲ್ ಕಡೆಗೆ ಕಡಿಮೆ ಲೇನ್ ಇರುವ ಹಳೆಯ ಫ್ಲೈಓವರ್‌ಗೆ ನುಗ್ಗಬೇಕಾಯಿತು. ದೊಡ್ಡ ಕೊಳವೆಯ ನೀರನ್ನು ಸಣ್ಣ ನಲ್ಲಿಗೆ ಬಿಟ್ಟ ಹಾಗೆ. ಪಕ್ಕದಲ್ಲಿ ಅಗಲ ಮಾಡೋಣ ಎಂದರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ರೈಲು ಹಳಿ. ಹಾಗಾಗಿ ತುಂಡು ತುಂಡಾಗಿ ಏರಿಳಿಯುವ ರ‍್ಯಾಂಪ್ ಸೇರಿಸುವುದೇ ದಾರಿ. ಕೆ.ಆರ್. ಪುರದ ಕಡೆಯಿಂದ ಬರುವವರಿಗೆ ಹೊಸ ಲೂಪ್ 2025ರ ಆಗಸ್ಟಿನಲ್ಲಿ ತೆರೆಯಿತು.

ಬೆಂಗಳೂರಿನ ಹೊರವಲಯದ ಟೋಲ್ ರಸ್ತೆಯಾದ ನೈಸ್ ರಸ್ತೆಯನ್ನು ಇದರ ಜೊತೆ ಹೋಲಿಸುವವರಿದ್ದಾರೆ. ಅಲ್ಲಿ ಖಾಲಿ ಜಾಗದಲ್ಲಿ ನಾಲ್ಕು ದಳದ ಕ್ಲೋವರ್ ಲೀಫ್ ಇಂಟರ್‌ಚೇಂಜ್ ಹಾಕಲು ಸಾಧ್ಯವಾಯಿತು. ಅದಕ್ಕೆ ತುಂಬ ಜಾಗ ಬೇಕು, ಊರೊಳಗೆ ಸಿಗುವುದಿಲ್ಲ. ಅದಕ್ಕೂ ತನ್ನದೇ ತೊಂದರೆ ಇದೆ. ಒಂದು ಲೂಪಿನಿಂದ ಒಳಗೆ ಬರುವವರೂ, ಮುಂದಿನ ಲೂಪಿಗೆ ಹೊರಗೆ ಹೋಗುವವರೂ ಒಂದೇ ಸಣ್ಣ ಜಾಗದಲ್ಲಿ ಅಡ್ಡಡ್ಡ ಹಾಯುತ್ತಾರೆ. ಗಾಡಿ ಕಡಿಮೆ ಇದ್ದಾಗ ಪರವಾಗಿಲ್ಲ. ಜಾಸ್ತಿ ಆದಾಗ ಅದೇ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ, ತಾಗಿಸಿಕೊಳ್ಳುವುದೂ ಅಲ್ಲೇ. ಎಲ್ಲ ಕಾಲಕ್ಕೂ ಸಲ್ಲುವ ವಿನ್ಯಾಸ ಅಂತ ಇಲ್ಲ.

ಕೆಲವೊಮ್ಮೆ ರಸ್ತೆ ಹಾಗೇ ಇರುತ್ತದೆ, ನಿಯಮ ಬದಲಾಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧ. ಹಿಂದಿನ ವಾರ ಮುಖ್ಯ ರಸ್ತೆಯಲ್ಲಿ ಹೋದ ಬೈಕಿನವರು ಈ ವಾರ ಸರ್ವಿಸ್ ರಸ್ತೆ ಹುಡುಕಬೇಕು. ನಿಮ್ಮ ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ಕೂಡ ಹಾಗೇ. ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳಿಗೆ ಬಿಟ್ಟರು. ದೊಡ್ಡ ವಾಹನಗಳಿಗೆ ಬಿಟ್ಟದ್ದು 2024ರ ಜುಲೈಯಲ್ಲಿ. ಇಂಥ ತಾತ್ಕಾಲಿಕ ಬೋರ್ಡ್‌ಗಳನ್ನು ಹಾಕುವಾಗ ಇರುವ ಆತುರ ತೆಗೆಯುವಾಗ ಇರುವುದಿಲ್ಲ. ಕೆಲಸ ಮುಗಿದ ಎಷ್ಟೋ ದಿನ ಆದ ಮೇಲೂ "ಮುಂದೆ ರಸ್ತೆ ಬಂದ್" ಎಂಬ ಹಲಗೆ ಕಂಬಕ್ಕೆ ಒರಗಿಕೊಂಡೇ ಇರುವುದನ್ನು ನೀವೂ ನೋಡಿರಬಹುದು. ಅಂಥ ನಾಲ್ಕು ಹಲಗೆ ನೋಡಿದ ಚಾಲಕ ಐದನೆಯದನ್ನು ನಂಬುವುದಿಲ್ಲ. ಐದನೆಯದು ನಿಜವಾಗಿದ್ದರೆ ಏನು ಗತಿ?

ಒಂದೇ ಜಂಕ್ಷನ್ನಿನಲ್ಲಿ ಹಲವು ಕೈಗಳಿರುವುದು ಇದಕ್ಕೆ ಮುಖ್ಯ ಕಾರಣ. ಹೆದ್ದಾರಿ ಪ್ರಾಧಿಕಾರದ್ದು ಒಂದು ರಸ್ತೆ, ನಗರ ಪಾಲಿಕೆಯದು ಇನ್ನೊಂದು, ಫ್ಲೈಓವರ್ ಕಟ್ಟಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಕಂಬ ನೆಡುತ್ತಿರುವುದು ಮೆಟ್ರೊ. ಪ್ರತಿಯೊಬ್ಬರ ಟೆಂಡರಿನಲ್ಲೂ ಹೊಸ ಬೋರ್ಡ್ ಹಾಕಲು ಹಣ ಇರುತ್ತದೆ. ಬೇರೆಯವರ ಹಳೆಯ ಬೋರ್ಡ್ ತೆಗೆಯಲು ಯಾರ ಟೆಂಡರಿನಲ್ಲೂ ಇರುವುದಿಲ್ಲ. ಮೆಟ್ರೊ ಕಂಬದ ಹಿಂದೆ ಬೋರ್ಡ್ ಮರೆಯಾದರೂ ಅದನ್ನು ಸರಿಸುವ ಹೊಣೆ ಯಾರದು ಎಂಬುದೇ ತೀರ್ಮಾನವಾಗಿರುವುದಿಲ್ಲ. ಹೊಸ ರ‍್ಯಾಂಪ್ ತೆರೆಯುವ ದಿನವೇ ಹಳೆಯ ಬೋರ್ಡ್ ಕೆಳಗಿಳಿಯಬೇಕು ಎಂಬ ಒಂದು ಷರತ್ತನ್ನು ಒಪ್ಪಂದದಲ್ಲಿ ಸೇರಿಸಿದರೆ ಅರ್ಧ ಗೊಂದಲ ಹೋಗುತ್ತದೆ ಎಂದು ನನ್ನ ಅನುಭವದಿಂದ ಹೇಳುತ್ತೇನೆ.

ನಿಮ್ಮ ಮಗನ ಮಾತಿಗೆ ಬರೋಣ. ಮ್ಯಾಪ್ ಬೇಕು, ನಾನೂ ಬಳಸುತ್ತೇನೆ. ಆದರೆ ಬೋರ್ಡ್ ಬೇಡ ಎನ್ನುವ ಮಾತು ಒಪ್ಪುವುದಿಲ್ಲ. ನೀವು ಫ್ಲೈಓವರ್ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದು ಫೋನಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆಗಳಲ್ಲಿ ಮೇಲೂ ರಸ್ತೆ, ಅದರ ನೇರ ಕೆಳಗೂ ರಸ್ತೆ. ಸಿಲ್ಕ್ ಬೋರ್ಡ್ ಹತ್ತಿರ 2024ರ ಜುಲೈಯಲ್ಲಿ ತೆರೆದ ಡಬಲ್ ಡೆಕ್ಕರ್‌ನಲ್ಲಿ ಕೆಳಗೆ ರಸ್ತೆ, ನಡುವೆ ರಸ್ತೆ, ಅದರ ಮೇಲೆ ಮೆಟ್ರೊ! ಇಂಥ ಕಡೆ ಮೇಲಿರುವವರಿಗೆ "ಎಡಕ್ಕೆ ತಿರುಗಿ" ಎಂದು ಫೋನ್ ಹೇಳುವುದುಂಟು. ಹೊಸ ರ‍್ಯಾಂಪ್ ಮ್ಯಾಪಿನಲ್ಲಿ ಬರಲು ಸಮಯ ಹಿಡಿಯುತ್ತದೆ. ಮುಚ್ಚಿದ ರ‍್ಯಾಂಪ್ ಹೋಗಲೂ ಅಷ್ಟೇ. ಮ್ಯಾಪಿನ ದನಿ ಕೇಳಿದ ಮೇಲೆ ಬೋರ್ಡಿನಲ್ಲಿ ಊರಿನ ಹೆಸರು ಕಂಡರೆ ಮಾತ್ರ ತಿರುಗಿ. ಎರಡೂ ಬೇರೆ ಬೇರೆ ಹೇಳಿದರೆ ಬೋರ್ಡನ್ನು ನಂಬಿ.

ಬೋರ್ಡಿನಲ್ಲಿ ನಂಬರ್ ಅಲ್ಲ, ಊರು ನೋಡಿ. ಆದರೆ ಇಲ್ಲೂ ಒಂದು ಎಚ್ಚರ ಬೇಕು. ಗ್ಯಾಂಟ್ರಿ ಬೋರ್ಡ್‌ನಲ್ಲಿ ನಿಮ್ಮ ಊರು ಇರುತ್ತದೆ ಅಂತ ಇಲ್ಲ. ಜಾಗ ಕಡಿಮೆ, ಹಾಗಾಗಿ ಹಾಸನ, ಮಂಗಳೂರು ಅಂತ ದೂರದ ದೊಡ್ಡ ಊರನ್ನು ಹಾಕಿರುತ್ತಾರೆ. ಹತ್ತಿರದ ಸಣ್ಣ ಬೋರ್ಡಿನಲ್ಲಿ ಕುಣಿಗಲ್ ಅಂತ ಮಾತ್ರ ಇರಬಹುದು. ಹಾಗಾಗಿ ಹೊರಡುವ ಮೊದಲು ದಾರಿಯ ಊರುಗಳನ್ನು ಸಾಲಾಗಿ ನೆನಪಿಟ್ಟುಕೊಳ್ಳಿ: ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ಇದು ನಿಮ್ಮ ತಂದೆಯವರಿಗೆ ಬಾಯಿಪಾಠ ಇರುತ್ತದೆ. ನಂಬರ್ ಬದಲು ಅವರು ಊರಿನ ಹೆಸರು ಹೇಳಲಿ, ಅವರ ನೆನಪು ಇವತ್ತಿಗೂ ನೂರಕ್ಕೆ ನೂರು ಕೆಲಸಕ್ಕೆ ಬರುತ್ತದೆ.

ಪೀಣ್ಯ ದಾಟಿದ ಮೇಲೆ ಲಾರಿ ಜಾಸ್ತಿ. ಎಡಬದಿಯ ಕಂಬದ ಬೋರ್ಡ್ ಲಾರಿಯ ಹಿಂದೆ ಮರೆಯಾಗುತ್ತದೆ. ನೆಲಮಂಗಲ ಹತ್ತಿರವಾಗುತ್ತಿದ್ದಂತೆ ಬಲಗಡೆಯ ಲೇನ್ ಬಿಟ್ಟು ಎಡಕ್ಕೆ ಬನ್ನಿ, ಮುಂದಿನ ಲಾರಿಗೆ ಅಂಟಿಕೊಳ್ಳದೆ ಅಂತರ ಬಿಡಿ. ನಾಲ್ಕೈದು ನಿಮಿಷ ತಡವಾಗಬಹುದು. ಎಡಕ್ಕೆ ಬೇಗ ಬಂದರೆ ಸರ್ವಿಸ್ ರಸ್ತೆಗೆ ಇಳಿದುಬಿಡುವ ಅಪಾಯವೂ ಇದೆ, ಆದರೆ ಅಲ್ಲಿಂದ ದಾರಿ ಸರಿಮಾಡಿಕೊಳ್ಳಲು ವೇಗ ಕಡಿಮೆ ಇರುತ್ತದೆ.

ದಾರಿ ತಪ್ಪಿದರೆ ಮುಂದೆ ಹೋಗುವುದೊಂದೇ. ಇದರಲ್ಲಿ ಆಯ್ಕೆ ಇಲ್ಲ. ಗಂಟೆಗೆ 80ರಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಹತ್ತಿರ ಬರುತ್ತದೆ. ರಾತ್ರಿ ನಿಮ್ಮ ಹಿಂದಿನ ಬಿಳಿ ರಿವರ್ಸ್ ಲೈಟ್ ಕಂಡು, ಈ ಗಾಡಿ ತನ್ನ ಕಡೆಗೇ ಬರುತ್ತಿದೆ ಎಂದು ಅರ್ಥ ಮಾಡಿಕೊಳ್ಳಲೇ ಆ ಚಾಲಕನಿಗೆ ಎರಡು ಸೆಕೆಂಡ್ ಬೇಕು. ಬ್ರೇಕ್ ಹಿಡಿಯುವುದು ಆಮೇಲೆ. ಎದುರು ದಿಕ್ಕಿನಲ್ಲಿ ಗಾಡಿ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆ ಎನ್ನುತ್ತದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ಎರಡೂ. ದಾಬಸ್‌ಪೇಟೆಗೆ ಹೋಗಿ ಬಂದ ಪೆಟ್ರೋಲ್ ಖರ್ಚು ನಿಜಕ್ಕೂ ಉಳಿತಾಯವೇ.

ಕೊನೆಗೆ, ಗೊಂದಲದ ಬೋರ್ಡ್ ಕಂಡರೆ ದೂರು ಕೊಡಿ. ರಾಷ್ಟ್ರೀಯ ಹೆದ್ದಾರಿಗೆ 1033 ಸಹಾಯವಾಣಿ ಇದೆ, ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ಫೋಟೊ ಸಮೇತ ಕಳಿಸಬಹುದು. ಫೋಟೊ ಪಕ್ಕದಲ್ಲಿ ಕೂತವರು ತೆಗೆಯಲಿ. "ಬೋರ್ಡ್ ಸರಿಯಿಲ್ಲ" ಅಂತಷ್ಟೇ ಬರೆದರೆ ದೂರು ಅಲ್ಲಿಗೇ ಮುಚ್ಚುತ್ತದೆ. ಯಾವ ದಿಕ್ಕಿಗೆ ಹೋಗುತ್ತಿದ್ದಿರಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಎಷ್ಟು, ಹಗಲೋ ರಾತ್ರಿಯೋ, ಬೋರ್ಡಿನಲ್ಲಿ ಏನು ಓದಿದಿರಿ, ಅದರಿಂದ ಎಲ್ಲಿಗೆ ಹೋದಿರಿ, ಇಷ್ಟು ಬರೆಯಿರಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 198ಎ ಎಂಬ ಸೆಕ್ಷನ್ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಸಂಸ್ಥೆಗೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹೀಗೆ ವಿವರವಾಗಿ ಬಂದ ದೂರು ದಾಖಲೆಯಲ್ಲಿ ಇದ್ದರೆ, ಆ ಬೋರ್ಡಿನ ವಿಷಯ ತಮಗೆ ಗೊತ್ತೇ ಇರಲಿಲ್ಲ ಎಂದು ಆಮೇಲೆ ಯಾರೂ ಹೇಳಲು ಬರುವುದಿಲ್ಲ.